ನಡೆದುಕೊಂಡೇ ಹುಟ್ಟಿದವನ ಎಡಗಾಲು

ಲೋಕದ ಜನರೆಲ್ಲ ತಲೆಯೂರಿಕೊಂಡು ಭೂಮಿಗೆ ಬಂದವರು. ಪಾಂಡವಪುರದ ಪಕ್ಕದ ದೊಡ್ಡಿಕೊಪ್ಪಲಿನ ಚಲುವರಾಜು ಮಾತ್ರ ನಡೆದುಕೊಂಡು ಬಂದ. ಮೊದಲು ಎಡಗಾಲನ್ನು ಹೊರಗಿಟ್ಟು ನೆಲ ಗಟ್ಟಿಯಾಗಿದೆಯೇ ಎಂದು ನೋಡಿ, ಆಮೇಲೆ ಬಲಗಾಲನ್ನು ತಂದು, ತಲೆಯನ್ನು ಕಟ್ಟಕಡೆಗೆ, ಏನೂ ಅವಸರವಿಲ್ಲದೆ ಬರಮಾಡಿಕೊಂಡನಂತೆ. ಸೂಲಗಿತ್ತಿ ಬೆಟ್ಟಮ್ಮ ದೀಪ ಎತ್ತಿ ಹಿಡಿದು ನೋಡಿ, ಕೆಳಗಿಟ್ಟು ಕೈ ಮುಗಿದಳಂತೆ. ಮೂರು ದಿನದಿಂದ ಸೊಂಟ ಹಿಡಿದುಕೊಂಡು ಹಜಾರದಲ್ಲಿ ಬಿದ್ದಿದ್ದ ಅಜ್ಜ ಚಿಕ್ಕಯ್ಯ, ಮಗುವಿನ ಅಳು ಕಿವಿಗೆ ಬಿದ್ದದ್ದೇ ತಡ, ನೆಟ್ಟಗೆ ಎದ್ದು ನಿಂತು ಎಲೆ ಅಡಿಕೆ ಕೇಳಿದನಂತೆ. ವಿಶ್ವೇಶ್ವರಯ್ಯ ನಾಲೆಯ ನೀರು ಆ ಗಳಿಗೆ ಒಂದು ಕ್ಷಣ ನಿಂತು ಹರಿಯಿತು ಎನ್ನುವವರೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ. ಆ ನಾಲೆ ನಿಲ್ಲಬೇಕಾದರೆ ಇಲಾಖೆಯ ಆರ್ಡರು ಬೇಕು.

ನಮ್ಮ ಸೀಮೆಯಲ್ಲಿ ಕಾಲು ಮುಂದಾಗಿ ಹುಟ್ಟಿದವರ ಕಾಲಿಗೆ ಒಂದು ಅಧಿಕಾರವಿದೆ. ಯಾರಿಗಾದರೂ ಸೊಂಟವೋ ಕಾಲಿನ ಹರಡೋ ಭುಜವೋ ಉಳುಕಿದರೆ, ಅಂಥವರು ಆ ಜಾಗಕ್ಕೆ ಎಡಗಾಲಿನಿಂದ ಮೂರು ಸಲ ಒದೆಯಬೇಕು. ಒದ್ದರೆ ಉಳುಕು ಬಿಡುತ್ತದೆ. ಒದೆಯುವವನು ಏನನ್ನೂ ಕೇಳಕೂಡದು. ಒದೆಸಿಕೊಂಡವನು ತಿರುಗಿ ನೋಡದೆ ಮನೆಗೆ ಹೋಗಬೇಕು.

ಹೀಗಾಗಿ ಪ್ರತಿ ಭಾನುವಾರ ಬೆಳಗಾದರೆ ಚಲುವರಾಜುವಿನ ಮನೆಯ ಜಗಲಿ ತುಂಬಿಹೋಗುತ್ತಿತ್ತು. ಮಾಕವಳ್ಳಿಯಿಂದ ಕಬ್ಬು ಹೊತ್ತು ಭುಜ ತಿರುಚಿಕೊಂಡವರು, ಬಾಬುರಾಯನಕೊಪ್ಪಲಿನಿಂದ ಸ್ಕೂಟರಿನಿಂದ ಬಿದ್ದವರು, ಎಮ್ಮೆ ಎಳೆದಾಡಿ ಮಣಿಕಟ್ಟು ಊದಿಸಿಕೊಂಡ ಹೆಂಗಸರು. ಅವನ ತಾಯಿ ಮಾಯಮ್ಮ ಮಗನ ಎಡಗಾಲಿಗೆ ಅರಿಶಿನದ ನೀರು ಹಾಕಿ ತೊಳೆಯುವಳು. ಬಲಗಾಲನ್ನು ಯಾರೂ ಕೇಳುತ್ತಿರಲಿಲ್ಲ, ಪಾಪ. ಅದು ಭಾರ ಹೊರುವುದಕ್ಕಷ್ಟೇ ಇತ್ತು.

ಆ ಕಾಲಿನ ಮುಂದೆ ದೊಡ್ಡವರು ಚಿಕ್ಕವರೆಂಬ ಭೇದವಿರಲಿಲ್ಲ. ಊರಿಗೆಲ್ಲ ಬೈಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬೋರಲಾಗಿ ಮಲಗಿ ಮೂರು ಒದೆ ತಿಂದು ಧೂಳು ಕೊಡವಿಕೊಂಡು ಹೋದರು. ಅವರ ಹಳೇ ವಿದ್ಯಾರ್ಥಿಗಳು ನಾಲ್ಕು ಹಳ್ಳಿಯಿಂದ ಬಂದು ಬೇಲಿಯಾಚೆ ನಿಂತು ಅದನ್ನು ಕಣ್ತುಂಬ ನೋಡಿದರು. ಗಂಡಂದಿರನ್ನು ಕರೆತಂದ ಹೆಂಡಂದಿರಂತೂ ಪಕ್ಕದಲ್ಲೇ ಕೂರುವರು.

"ಇನ್ನೊಂಚೂರು ಜೋರಾಗಿ ಒದಿಯಣ್ಣ. ಇದು ಭಾಳ ವರ್ಸದ್ ನೋವು."

"ಅವ್ರಿಗಾ, ನಿಂಗಾ ಅಕ್ಕ?" ಎನ್ನುವನು ಚಲುವರಾಜು.

ಇಷ್ಟೆಲ್ಲ ಇದ್ದರೂ ಅವನು ಒದೆಯುತ್ತಿದ್ದದ್ದು ಹೂವಿನ ಗಿಡಕ್ಕೆ ನೀರು ಬಿಟ್ಟ ಹಾಗೆ. ಕಾಲಿನ ಹೆಬ್ಬೆರಳು ಮೈಗೆ ತಾಗಿತೋ ಇಲ್ಲವೋ, ಅಷ್ಟೇ. ನಲವತ್ತು ದಾಟಿದ, ಕಡ್ಡಿಯಂಥ, ನಾಚಿಕೆಯ ಮನುಷ್ಯ. ಒದ್ದಮೇಲೆ ಒದೆಸಿಕೊಂಡವರಿಗಿಂತ ಅವನೇ ಹೆಚ್ಚು ಮುದುಡಿಕೊಳ್ಳುತ್ತಿದ್ದ. ಒಮ್ಮೆ ಯಾರೋ, "ನಿಜ್ವಾಗ್ಲೂ ಕಾಲ್ ಮುಂದಾಗೇ ಉಟ್ಟಿದ್ಯೇನ್ಲಾ ಚಲುವ?" ಎಂದು ಕೇಳಿದ್ದಕ್ಕೆ, "ನಂಗೇನ್ ಗೊತ್ತು? ನಾನಾಗ ಭಾಳ ಚಿಕ್ಕೋನು," ಎಂದಿದ್ದ.

ವಾರದ ಉಳಿದ ದಿನಗಳಲ್ಲಿ ಈ ಮಹಾಪಾದ ಪಾಂಡವಪುರದ ಜೂನಿಯರ್ ಕಾಲೇಜೊಂದರಲ್ಲಿ ಜವಾನಗಿರಿ ಮಾಡುತ್ತಿತ್ತು. ಜೀವಶಾಸ್ತ್ರದ ಲ್ಯಾಬು ಅವನ ವಶ. ಅಲ್ಲಿ ಗಾಜಿನ ಬೀರುವಿನಲ್ಲಿ ಒಂದು ಅಸ್ಥಿಪಂಜರ ನಿಂತಿತ್ತು. ಹುಡುಗರು ಅದಕ್ಕೆ ಒಣಕಲಪ್ಪ ಎಂದು ಹೆಸರಿಟ್ಟಿದ್ದರು. ಚಲುವರಾಜು ಮಾತ್ರ ದೊಡ್ಡಪ್ಪ ಎನ್ನುತ್ತಿದ್ದ. ಯಾರ ಮನೆಯ ದೊಡ್ಡಪ್ಪನೋ, ಇಷ್ಟು ವರ್ಷ ನಿಂತೇ ಇದ್ದಾನಲ್ಲ ಎಂದು ಅವನ ಮರುಕ. ಬೇಸಿಗೆ ರಜೆಯಲ್ಲಿ ಅದರ ಧೂಳು ಒರೆಸಿ, ತುಕ್ಕು ಹಿಡಿದ ತಂತಿ ಬಿಚ್ಚಿ, ಮೂಳೆಗಳನ್ನು ಮತ್ತೆ ಪೋಣಿಸಿ ನಿಲ್ಲಿಸುವುದು ಅವನ ಕೆಲಸ. ಕೆ.ಆರ್. ಪೇಟೆಯ ಅಕ್ಕಸಾಲಿಗರ ಮನೆಯಿಂದ ಬಂದಿದ್ದ ಲೆಕ್ಚರರ್ ಸುಬ್ರಹ್ಮಣ್ಯ ಮೇಷ್ಟ್ರು ತಮ್ಮ ತಂದೆಯ ಹಳೇ ಚಿಮಟವನ್ನು ಅವನಿಗೆ ಕೊಟ್ಟು, ಬಂಗಾರದ ಎಳೆ ಮುರಿಯದ ಹಾಗೆ ತಂತಿ ತಿರುಚುವುದನ್ನು ಕಲಿಸಿದ್ದರು.

ಹಾಗೆ ಹತ್ತು ಬೇಸಿಗೆ ಬಿಚ್ಚಿ ಕಟ್ಟಿದವನಿಗೆ, ಮೂಳೆಗಿಂತ ಕಟ್ಟೇ ದೊಡ್ಡದು ಎಂದು ತಿಳಿಯಿತು. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ಪಟ್ಟಿಗೆ ಮೇಷ್ಟ್ರು ಅಸ್ಥಿರಜ್ಜು ಎನ್ನುತ್ತಿದ್ದರು. ಚಲುವರಾಜು ಕಟ್ಟು ಎನ್ನುತ್ತಿದ್ದ. ನಮ್ಮೂರಿನವರು ಅದಕ್ಕೂ, ಮಾಂಸಖಂಡಕ್ಕೂ, ರಕ್ತನಾಳಕ್ಕೂ, ಸಿಟ್ಟಿಗೂ ಸೇರಿಸಿ ನರ ಎನ್ನುತ್ತಿದ್ದರು. ಸತ್ತವನ ಮೂಳೆ ಉಳಿಯುತ್ತದೆ, ಕಟ್ಟು ಉಳಿಯುವುದಿಲ್ಲ. ಅದಕ್ಕೇ ದೊಡ್ಡಪ್ಪನಿಗೆ ತಂತಿ. ಒಂದು ವರ್ಷ ಮೇಷ್ಟ್ರಿಗೆ ಹುಮ್ಮಸ್ಸು ಬಂದು, "ಚಲುವರಾಜು, ಬಲಮಂಡಿಗೆ ತಂತಿ ಬೇಡ, ನಿಜವಾಗಿ ಎಲ್ಲೆಲ್ಲಿ ಕಟ್ಟಿರುತ್ತೋ ಅಲ್ಲಲ್ಲೇ ಪಟ್ಟಿ ಕಟ್ಟಿ ಹುಡುಗರಿಗೆ ತೋರಿಸೋಣ," ಎಂದರು. ಚಲುವರಾಜು ಮನೆಯ ಹಳೇ ಮಂಚದ ನವಾರು ಪಟ್ಟಿ ಬಿಚ್ಚಿ ತಂದು ಕಟ್ಟಿದ. ಮಾಯಮ್ಮ ಆ ವಾರವೆಲ್ಲ ನೆಲದ ಮೇಲೆ ಮಲಗಿ ಮಗನನ್ನು ಬೈದಳು.

ಅವನು ಆಮೇಲೆ ಮೈಮೇಲಿನ ಕೀಲುಗಳ ವಿಷಯವನ್ನು ಮನೆಯ ಸಾಮಾನುಗಳಲ್ಲಿ ಹೇಳುವುದನ್ನು ರೂಢಿಸಿಕೊಂಡ. ತೊಡೆಯ ಕೀಲು ಒರಳಲ್ಲಿ ಕೂತ ಗುಂಡುಕಲ್ಲು, ಆಳವಾಗಿ ಕೂತಿರುತ್ತದೆ, ಸುಮ್ಮಸುಮ್ಮನೆ ಈಚೆಗೆ ಬರುವುದಿಲ್ಲ. ಭುಜದ್ದು ತಟ್ಟೆಯ ಮೇಲಿಟ್ಟ ನಿಂಬೆಹಣ್ಣು, ಎತ್ತ ಬೇಕಾದರೂ ಉರುಳುತ್ತದೆ, ಅದಕ್ಕೇ ಜಾರುತ್ತದೆ. ಮೊಣಕೈ ಬಾಗಿಲಿನ ತಿರುಗಣಿ. ಹರಡಿಗೆ ಹೊರಮಗ್ಗುಲಲ್ಲಿ ಮೂರು ಕಟ್ಟು, ಕಾಲು ಒಳಕ್ಕೆ ಹೊರಳಿದರೆ ಮೊದಲು ನೋಯುವುದು ಅವೇ. ಇನ್ನು ಮಂಡಿ! ಅದರ ಕಥೆ ಕೇಳಿದರೆ ಯಾರೂ ಧೈರ್ಯವಾಗಿ ನಡೆಯಲಾರರು. ಚಪ್ಪಟೆ ಕಲ್ಲಿನ ಮೇಲೆ ಎರಡು ಉಂಡೆ ಇಟ್ಟು ಅದರ ಮೇಲೆ ಮನುಷ್ಯನನ್ನು ನಿಲ್ಲಿಸಿದ ಹಾಗೆ. ಅದು ಬೀಳದ ಹಾಗೆ ಅತ್ತ ಇತ್ತ ಎರಡು ಕಟ್ಟು, ನಡುವೆ ಒಳಗೆ ಒಂದನ್ನೊಂದು ಕತ್ತರಿಯ ಹಾಗೆ ದಾಟಿದ ಇನ್ನೆರಡು ಕಟ್ಟು. ಆ ಒಳಗಿನ ಜೋಡಿಯಲ್ಲಿ ಮುಂದಿನದು ಹರಿದರೆ ಮೊಣಕಾಲ ಕೆಳಗಿನ ಮೂಳೆ ಮೇಜಿನ ಖಾನೆಯ ಹಾಗೆ ಮುಂದಕ್ಕೆ ಬಂದುಬಿಡುತ್ತದೆ. ಒಮ್ಮೆ ನವಾರು ಸವೆದು ಅಲ್ಲೇ ಹರಿದಾಗ ಅವನು ಅದನ್ನು ಕಣ್ಣಾರೆ ಕಂಡಿದ್ದ.

ಈ ವಿದ್ಯೆ ತಲೆಗೆ ಹತ್ತಿದಮೇಲೆ ಭಾನುವಾರದ ಒದೆಗೆ ಪಥ್ಯಗಳು ಸೇರತೊಡಗಿದವು. ಹರಡು ಉಳುಕಿದವನಿಗೆ ಮೂರು ಒದೆ ಕೊಟ್ಟು, "ಬಟ್ಟೆ ಸುತ್ಕೊಂಡು ಕಾಲ್ನ ದಿಂಬಿನ್ ಮ್ಯಾಲೆ ಇಟ್ಕೊಂಡು ಮಲಿಕ್ಕೊ. ಮೂರು ಭಾನ್ವಾರ ಗದ್ದೆಗಿಳಿದ್ರೆ ಕಾಲಿನ್ ಶಕ್ತಿ ಇಳ್ದೋಯ್ತದೆ," ಎನ್ನುವನು. ಡಾಕ್ಟರು ಹೇಳಿದ್ದರೆ ಮೂರು ಗಂಟೆಯೂ ಮಲಗದ ರೈತ, ಒದೆಯ ಶಕ್ತಿ ಇಳಿದೀತೆಂಬ ಹೆದರಿಕೆಗೆ ಮೂರು ವಾರ ಮಲಗುವನು. ವಾಸಿಯಾಗದೆ ಏನು ಮಾಡೀತು? ಕೀರ್ತಿಯೆಲ್ಲ ಎಡಗಾಲಿಗೆ.

ಹೀಗೆ ಎಡಗಾಲೂ ದೊಡ್ಡಪ್ಪನೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಮನುಷ್ಯನಲ್ಲಿ ಸಂಸಾರ ಮಾಡಿಕೊಂಡಿದ್ದಾಗ, ಸಾವಿರದ ಒಂಬೈನೂರ ತೊಂಬತ್ತಾರರ ಒಂದು ಭಾನುವಾರ ಪುಟ್ಟತಾಯಮ್ಮ ತನ್ನ ಮಗಳು ರಂಜಿತಳನ್ನು ಹೆಗಲ ಮೇಲೆ ಆನಿಸಿಕೊಂಡು ಜಗಲಿ ಹತ್ತಿದಳು.

ಪುಟ್ಟತಾಯಮ್ಮ ಅದೇ ಊರಿನವಳು. ಗಂಡ ಸತ್ತಮೇಲೆ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಮಗಳನ್ನು ಹತ್ತನೇ ಕ್ಲಾಸಿನವರೆಗೆ ತಂದವಳು. ರಂಜಿತ ಖೋಖೋದಲ್ಲಿ ಊರಿನ ಹೆಮ್ಮೆ. ಅವಳು ಓಡಿದರೆ ಜಡೆ ಹಿಂದೆ ಉಳಿಯುತ್ತಿತ್ತು ಎಂದು ಹೇಳುತ್ತಾರೆ. ಮುಂದಿನ ಭಾನುವಾರಕ್ಕೆ ವಿಭಾಗ ಮಟ್ಟದ ತಂಡಕ್ಕೆ ಆಯ್ಕೆ. ನಾಲ್ಕು ದಿನದ ಹಿಂದೆ ಅಭ್ಯಾಸ ಮಾಡುವಾಗ, ಕಂಬದ ಹತ್ತಿರ ಸರಕ್ಕನೆ ತಿರುಗಿದವಳು ಕುಸಿದಿದ್ದಳು. ಮಂಡಿ ಸೋರೆಬುರುಡೆಯ ಹಾಗೆ ಊದಿತ್ತು.

"ಉಳುಕು ಕಣಣ್ಣ. ಒದ್ಬುಡು. ಭಾನ್ವಾರ ಇವ್ಳು ಓಡ್ಬೇಕು," ಎಂದಳು ಪುಟ್ಟತಾಯಮ್ಮ.

ಚಲುವರಾಜು ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತ. "ಬಿದ್ದಾಗ ಏನಾರ ಸದ್ದು ಬಂತಾ ಮಗ?"

"ಒಳಗೆ ಟಪ್ ಅಂತು ಮಾವ."

ಅವನ ಮುಖ ಸಣ್ಣದಾಯಿತು. ಅವಳನ್ನು ಮಂಡಿ ಮಡಚಿ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಮಂಡಿಯ ಕೆಳಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತನ್ನ ಕಡೆಗೆ ಎಳೆದ. ಒಳ್ಳೆ ಕಾಲು ಕದಲಲಿಲ್ಲ. ಪೆಟ್ಟಾದ ಕಾಲು, ಮೇಜಿನ ಖಾನೆಯೇ ಸರಿ, ಮುಂದಕ್ಕೆ ಬಂತು. ಹುಡುಗಿ ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಮಾಯಮ್ಮ ಚೊಂಬು ತಂದು ಮಗನ ಎಡಗಾಲು ತೊಳೆದಿದ್ದಳು. ಜಗಲಿಯ ತುಂಬ ಜನ. ಎಡಗಾಲು ಮೇಲೆದ್ದಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ, ಹಿಂದೆಂದೂ ಆಗದಿದ್ದದ್ದು ಆಯಿತು. ಅದು ಯಾರನ್ನೂ ಮುಟ್ಟದೆ ಕೆಳಗಿಳಿದು ಹವಾಯಿ ಚಪ್ಪಲಿಯೊಳಕ್ಕೆ ಹೋಯಿತು.

"ಯಾಕ್ಲಾ? ಎತ್ತಿದ್ ಕಾಲ ಯಾಕ್ ಇಳಿಸ್ಬುಟ್ಟೆ?" ಎಂದಳು ಮಾಯಮ್ಮ.

"ಇದು ಉಳುಕಲ್ಲ ಕಣವ್ವ. ಒಳಗಿನ್ ಕಟ್ಟು ಅರ್ದೋಗದೆ. ಅಕ್ಕ, ಮೈಸೂರಿಗ್ ಕರ್ಕೊಂಡೋಗು. ಮೂಳೆ ಡಾಕ್ಟ್ರು ನೋಡ್ಬೇಕು."

ಪುಟ್ಟತಾಯಮ್ಮ ಅಲ್ಲೇ ನಿಂತಳು. "ಊರೋರ್ಗೆಲ್ಲ ಒದೀತಿಯ. ನನ್ ಮಗ್ಳಿಗೆ ಒದ್ಯಕ್ಕೆ ಕಾಲ್ ಬರಾಕಿಲ್ವಾ? ನಾವೇನ್ ತ್ಯಪ್ಪ್ ಮಾಡಿದ್ವು?"

"ತಪ್ಪಲ್ಲ ಅಕ್ಕ..."

"ಕಾಲಿನ್ ಶಕ್ತಿ ಮುಗ್ದದೆ ಅಂತ ಏಳ್ಬುಡು ಮತ್ತೆ. ಒಣಕೆರೆ ದ್ಯಾವಯ್ಯನೂ ಕಾಲ್ ಮುಂದಾಗ್ ಉಟ್ಟೋನೇ. ನಾಳಿಕ್ಕೆ ಅಲ್ಲಿಗೇ ಓಯ್ತಿನಿ. ಆಸ್ಪತ್ರೇಲಿ ಎಣ್ಣುಡ್ಗಿ ಕಾಲ ಕುಯ್ದಾಕಿ ಕಳಿಸ್ತರೆ."

ಅವಳು ಹೊರಟುಹೋದಳು. ಜಗಲಿಯ ಜನವೂ ಒಬ್ಬೊಬ್ಬರೇ ಸೊಂಟ ಹಿಡಿದುಕೊಂಡು ಎದ್ದರು. ಮಧ್ಯಾಹ್ನದ ಹೊತ್ತಿಗೆ ಎಡಗಾಲು ಸತ್ತುಹೋಯಿತೆಂಬ ಸುದ್ದಿ ಚಿನಕುರಳಿ ದಾಟಿತ್ತು.

ಚಲುವರಾಜುವಿಗೆ ತನ್ನ ಕಾಲಿನ ಚಿಂತೆಯಿರಲಿಲ್ಲ. ಇನ್ನೆರಡು ವಾರಕ್ಕೆ ಹುಡುಗಿಯ ಮಂಡಿಯ ಊತ ತಾನಾಗಿಯೇ ಇಳಿಯುತ್ತದೆ, ದ್ಯಾವಯ್ಯನ ಒದೆಯಿಂದಲೇ ಇಳಿಯಿತು ಎನ್ನುತ್ತಾರೆ. ಹುಡುಗಿ ಮತ್ತೆ ಓಡುತ್ತಾಳೆ, ತಿರುಗಿದ ಕಡೆಯಲ್ಲೆಲ್ಲ ಮಂಡಿ ಜಾರುತ್ತದೆ. ಒಂದೊಂದು ಸಲ ಜಾರಿದಾಗಲೂ ಒಳಗಿನ ಮೆತ್ತೆ ಅರೆದುಹೋಗುತ್ತದೆ. ಮೂವತ್ತಕ್ಕೆಲ್ಲ ಅವಳು ಕೋಲು ಹಿಡಿಯುತ್ತಾಳೆ. ಅವನಿಗೆ ಕಂಡದ್ದು ಅದು.

ದ್ಯಾವಯ್ಯನ ಊರು ಹೊಣಕೆರೆಗೆ ಹೋಗುವವರು ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹಿಡಿಯಬೇಕು. ಸೋಮವಾರ ಬೆಳಗ್ಗೆ ಅವನು ಕಾಲೇಜಿನ ಬೀಗ ತೆಗೆದು, ಸೀದಾ ಬಸ್‌ಸ್ಟ್ಯಾಂಡಿಗೆ ಬಂದು ಕಂಬದ ಮರೆಯಲ್ಲಿ ನಿಂತ. ತಾಯಿ ಮಗಳು ಊರ ಕಡೆಯ ಬಸ್ಸಿನಿಂದ ಇಳಿದರು.

"ಅಕ್ಕ, ಬಸ್ಸು ಬರಕ್ಕೆ ಇನ್ನೂ ಅರ್ಧ ಗಂಟೆ ಅದೆ. ನಮ್ ಕಾಲೇಜ್ತಂಕ ಬಂದೋಗು."

"ಯಾಕೆ, ಅಲ್ಲಿ ಒದ್ದೀಯಾ?"

"ಬಾ ಅಕ್ಕ. ನಿನ್ ಕೈ ಮುಗಿತೀನಿ."

ಊರಿಗೆಲ್ಲ ಒದೆಯುವವನು ಅಷ್ಟು ಜನರ ಮುಂದೆ ಕೈ ಮುಗಿದದ್ದು ಕಂಡು ಪುಟ್ಟತಾಯಮ್ಮನಿಗೇ ಸಂಕೋಚವಾಗಿ, ಹಿಂದೆ ಬಂದಳು. ರಂಜಿತಳನ್ನು ಅವನು ಕಾಲೇಜಿನ ಸೈಕಲ್ಲಿನ ಹಿಂದೆ ಕೂರಿಸಿ ತಳ್ಳಿಕೊಂಡು ಹೋದ.

ಲ್ಯಾಬಿನಲ್ಲಿ ಬೀರುವಿನ ಬಾಗಿಲು ತೆರೆದಾಗ ಪುಟ್ಟತಾಯಮ್ಮ ಹೆದರಿ ಚೀರುತ್ತಾಳೆ ಎಂದುಕೊಂಡಿದ್ದ. ಅವಳು ಚೀರಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು, ಹಿರಿಯರ ಮುಂದೆ ನಿಂತ ಹಾಗೆ. "ಯಾರ್ ಎತ್ತ ಮಗನೋ," ಎಂದಳು.

"ತಪ್ಪ್ ತಿಳ್ಕೊಬ್ಯಾಡ ದೊಡ್ಡಪ್ಪ," ಎಂದು ಚಲುವರಾಜು ಚಿಮಟ ತೆಗೆದ. ಬಲಮಂಡಿಯ ಒಳಗಿನ ನವಾರಿನ ಪಟ್ಟಿಗಳನ್ನು ತೋರಿಸಿದ. "ಇದ ಎಳ್ದು ನೋಡಕ್ಕ."

ಪುಟ್ಟತಾಯಮ್ಮ ಅಂಜುತ್ತ ಕಾಲಿನ ಮೂಳೆ ಹಿಡಿದೆಳೆದಳು. ಬರಲಿಲ್ಲ. ಹಸುವಿನ ಕೆಚ್ಚಲು ಹಿಡಿದು ಹಿಡಿದು ಗಟ್ಟಿಯಾದ ಕೈ, ಇನ್ನಷ್ಟು ಎಳೆದಳು. ಬರಲಿಲ್ಲ. ಆಮೇಲೆ ಅವನು ಮುಂದಿನ ಕಟ್ಟೊಂದನ್ನು ಬಿಚ್ಚಿದ. "ಈಗ ಎಳಿ."

ಮೂಳೆ ಜರಕ್ಕನೆ ಈಚೆ ಬಂತು. ಅವಳು ಕೈ ಬಿಟ್ಟಳು, ಮತ್ತೆ ಹಿಡಿದಳು, ಹಿಂದಕ್ಕೆ ತಳ್ಳಿದಳು, ಮತ್ತೆ ಎಳೆದಳು. ಮತ್ತೆ ಬಂತು. ತಿರುಗಿ ಮಗಳ ಮಂಡಿಯನ್ನು ನೋಡಿದಳು.

"ನೆನ್ನೆ ನೀನ್ ಎಳ್ದಾಗ ಇಂಗೇ ಬಂತಲ್ವಾ?"

"ಊ ಅಕ್ಕ. ಈಗ ಒಂದ್ ಮಾತ್ ಏಳು. ಈ ದೊಡ್ಡಪ್ಪನ್ ಮಂಡಿಗೆ ನಾನು ನೂರು ಸತಿ ಒದ್ರೂ, ಬಿಚ್ಚೋದ ನವಾರು ತಾನಾಗೇ ಗಂಟು ಬೀಳ್ತದಾ?"

ಪುಟ್ಟತಾಯಮ್ಮ ಬಿಚ್ಚಿದ ನವಾರಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಮಾತಾಡಿದ್ದು ರಂಜಿತ. ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಬಗ್ಗಿ ಆ ಮಂಡಿಯೊಳಕ್ಕೆ ಇಣುಕಿ, "ಮಾವ, ಇವ್ರಿಗೆ ಬ್ಯಾರೆ ನವಾರು ಕಟ್ಬೋದಾ?" ಎಂದಳು.

"ಕಟ್ಬೋದು ಮಗ. ದೊಡ್ಡಪ್ಪಂಗೆ ನಾನ್ ಕಟ್ತೀನಿ. ನಿಂಗೆ ಕಟ್ಟೋರು ಮೈಸೂರಲ್ಲವ್ರೆ."

"ಭಾನ್ವಾರದ ಆಟ?"

"ಆ ಭಾನ್ವಾರ ಓಯ್ತು. ಮುಂದಿನ್ ಭಾನ್ವಾರಗಳ್ನ ಉಳಿಸ್ಕೊಳವ."

ಹುಡುಗಿ ಅತ್ತಳು. ತಾಯಿ ಅದೇ ಸೆರಗಿನಲ್ಲಿ ಅವಳ ಮೂಗೊರೆಸಿ, "ನಡಿ, ಬಸ್ ತಪ್ಪೋಯ್ತದೆ," ಎಂದಳು. ಯಾವ ಬಸ್ಸು ಎಂದು ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಬಸ್ಸು ನಿಂತಿದ್ದವು. ನಾಗಮಂಗಲದ ಬಸ್ಸಿನ ಕಂಡಕ್ಟರು, "ಯಾರ್ರೀ ಒಣಕೆರೆ? ಅತ್ಕಳಿ, ಅತ್ಕಳಿ!" ಎಂದು ಬಾಗಿಲು ಬಡಿಯುತ್ತಿದ್ದ. ಪುಟ್ಟತಾಯಮ್ಮ ಅವನನ್ನು ನೋಡಿದಳು, ಮೈಸೂರು ಬಸ್ಸನ್ನು ನೋಡಿದಳು, ಕಾಲು ಎತ್ತಲಿಲ್ಲ. "ನಂಗೆ ಆ ದೊಡ್ಡಾಸ್ಪತ್ರೆ ದಿಕ್ಕೇ ಗೊತ್ತಿಲ್ಲ ಕಣಣ್ಣ," ಎಂದಳು. ಸಿಟ್ಟಿನ ಹಿಂದೆ ಅಡಗಿಸಿಟ್ಟಿದ್ದ ಭಯ ಅದೇ ಎಂದು ಚಲುವರಾಜುವಿಗೆ ಆಗ ಹೊಳೆಯಿತು.

ಅವನು ರಂಜಿತಳನ್ನು ಎತ್ತಿ ಮೈಸೂರು ಬಸ್ಸಿಗೆ ಹಾಕಿದ, ತಾಯಿಯನ್ನು ಹತ್ತಿಸಿದ, ರಜಾ ಚೀಟಿ ಬರೆಯದೆ ತಾನೂ ಹತ್ತಿದ. ಆ ದಿನ ಲ್ಯಾಬಿನ ನೆಲ ಗುಡಿಸಿದ್ದು ಸುಬ್ರಹ್ಮಣ್ಯ ಮೇಷ್ಟ್ರು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬ್ರೇಕು ಬಿದ್ದಾಗ, ದಪ್ಪ ಮನುಷ್ಯನೊಬ್ಬ ತನ್ನ ಬೂಟುಗಾಲಿನಿಂದ ಮೂರು ತಾಲ್ಲೂಕುಗಳ ಪೂಜೆಗೊಂಡ ಆ ಎಡಪಾದವನ್ನು ಜಜ್ಜಿಹಾಕಿದ. ತುಳಿದವನ ಹಳೇ ಕತ್ತುನೋವು ಅಲ್ಲೇ ಬಿಟ್ಟುಹೋಯಿತು ಎಂದು ಈಗ ಹೇಳುತ್ತಾರೆ. ತುಳಿಸಿಕೊಂಡವನು ಮಾತ್ರ ಒಂದು ವಾರ ಕುಂಟಿದ.

ಮೈಸೂರಿನ ಡಾಕ್ಟರು ಮಂಡಿಯನ್ನು ಹಿಡಿದು, ಚಲುವರಾಜು ಎಳೆದ ಹಾಗೆಯೇ ಎಳೆದು ನೋಡಿದರು. ಹರಿದ ಆ ಕಟ್ಟು ತಾನಾಗಿ ಕೂಡುವುದಿಲ್ಲ ಎಂದರು. ಮೊದಲು ಊತ ಇಳಿಯಲಿ, ತೊಡೆಗೆ ಬಲ ಬರಲಿ ಎಂದು ಕಸರತ್ತು ಹೇಳಿಕೊಟ್ಟರು. ಎರಡು ತಿಂಗಳಾದ ಮೇಲೆ ಅವಳದೇ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದ ಒಂದು ಎಳೆ ತೆಗೆದು ಒಳಗೆ ಹೊಸ ಕಟ್ಟು ಹಾಕಿದರು. ಮೂಳೆಗೆ ಅದು ಕಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ರಂಜಿತ ದಿನಾ ಗೋಡೆ ಹಿಡಿದು ಕೂತು ಏಳುತ್ತಿದ್ದಳು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಅವಳ ತಾಯಿ ಎಣಿಸುತ್ತಿದ್ದಳು. ಹದಿನೈದಕ್ಕೆ ನಿಲ್ಲಿಸಿದರೆ, "ಇನ್ನೈದು ಬಾಕಿ ಅದೆ ಕಣೇ ಕಳ್ಳಿ," ಎಂಬ ಕೂಗು ಬರುತ್ತಿತ್ತು.

ಅತ್ತ ಚಲುವರಾಜುವಿನ ಜಗಲಿ ಖಾಲಿ. ಮಾಯಮ್ಮ ಕೆಲವು ಭಾನುವಾರ ಅಭ್ಯಾಸಬಲದಿಂದ ಅರಿಶಿನದ ನೀರು ಕಲಸಿ, ಆಮೇಲೆ ಅದನ್ನು ತುಳಸಿ ಬುಡಕ್ಕೆ ಚೆಲ್ಲುತ್ತಿದ್ದಳು. ಅವನು ಅದನ್ನು ನೋಡಿಯೂ ನೋಡದವನಂತೆ ದನದ ಹಗ್ಗ ಹೊಸೆಯುತ್ತಿದ್ದ. ನಲವತ್ತು ವರ್ಷ ಮನೆಗೆ ಬರುತ್ತಿದ್ದ ಜನ ಬಾರದಿದ್ದರೆ, ಎಷ್ಟೇ ನಾಚಿಕೆಯವನಿಗೂ ಮನೆ ದೊಡ್ಡದೆನಿಸುತ್ತದೆ.

ವರ್ಷ ತುಂಬಿದ ಮೇಲೆ ರಂಜಿತ ಊರ ಹೊಲದ ಬಯಲಿನಲ್ಲಿ ಓಡಿದಳು. ಕಂಬದ ಹತ್ತಿರ ತಿರುಗಿದಳು. ಬೀಳಲಿಲ್ಲ. ಮೊದಲಿಗಿಂತ ಒಂಚೂರು ನಿಧಾನ, ಅಷ್ಟೇ. ಅವತ್ತೇ ಸಂಜೆಯೊಳಗೆ ಪುರಾಣ ಸಿದ್ಧವಾಯಿತು. ಚಲುವರಾಜು ಅವತ್ತು ಹುಡುಗಿಗೆ ಯಾಕೆ ಒದೆಯಲಿಲ್ಲ? ಎಣ್ಣುಡ್ಗಿ ಎಳೇ ಮಂಡಿ ಆ ಶಕ್ತಿ ತಡೆಯುತ್ತಿರಲಿಲ್ಲ! ಅದಕ್ಕೇ ಬಾಗಿಲು ಹಾಕಿಕೊಂಡು ಕಾಲೇಜಿನ ಅಸ್ಥಿಪಂಜರಕ್ಕೆ ಒದ್ದ. ಅಲ್ಲಿ ಒದ್ದದ್ದು ಇಲ್ಲಿ ವಾಸಿಯಾಯಿತು. ಪುಟ್ಟತಾಯಮ್ಮ, "ಅಂಗೇನಿಲ್ಲ ಕಣ್ರಪ್ಪ," ಎಂದು ಮನೆಮನೆಗೆ ಹೇಳಿದಳು. ಗುಟ್ಟು ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾನೆ ಎಂದು ಜನ ತಲೆದೂಗಿದರು. ಮುಂದಿನ ಭಾನುವಾರ ಜಗಲಿಯಲ್ಲಿ ಜಾಗ ಸಾಲದೆ ಸಾಲು ಹುಣಸೆಮರದವರೆಗೆ ಹೋಯಿತು.

ಆ ಸಾಲಿನ ತುದಿಯಲ್ಲಿ, ತಲೆಗೆ ಟವೆಲು ಮುಚ್ಚಿಕೊಂಡು, ಹರಡು ಊದಿಸಿಕೊಂಡು ನಿಂತಿದ್ದವನು ಹೊಣಕೆರೆಯ ದ್ಯಾವಯ್ಯ. ಕಾಲು ಮುಂದಾಗಿ ಹುಟ್ಟಿ ನಾಗಮಂಗಲ ಸೀಮೆಯನ್ನೆಲ್ಲ ಒದ್ದು ನಿಲ್ಲಿಸಿದವನು ತನ್ನ ಕಾಲಿಗೆ ತಾನೇ ಒದ್ದುಕೊಳ್ಳುವ ಬಗೆ ಕಾಣದೆ ಬಂದಿದ್ದ. ಚಲುವರಾಜು ಅವನನ್ನು ಎದ್ದು ಬರಮಾಡಿಕೊಂಡು, ಹರಡು ಮುಟ್ಟಿ, ಅತ್ತಿತ್ತ ಅಲ್ಲಾಡಿಸಿ ನೋಡಿದ. ಇದು ಬರೀ ಉಳುಕೇ. ಹೆಬ್ಬೆರಳಿನಿಂದ ಮೂರು ಸಲ ತಾಗಿಸಿ, ಬಟ್ಟೆ ಸುತ್ತಿ, ಮೂರು ಭಾನುವಾರದ ಪಥ್ಯ ಹೇಳಿದ.

ದ್ಯಾವಯ್ಯ ಎದ್ದು ಹೋಗಲಿಲ್ಲ. ಸುತ್ತ ನೋಡಿದ. ಜನರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ರಂಜಿತಳೂ ಅವಳ ತಾಯಿಯೂ ಹಾಲಿನ ಕ್ಯಾನು ಹಿಡಿದು ಅದೇ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು.

"ಲೋ ಚಲುವ, ನಾವಿಬ್ರೂ ಒಂದೇ ಕಸುಬ್ನೋರು. ನನ್ನತ್ರ ಮುಚ್ಚಿಡ್ಬ್ಯಾಡ," ಎಂದ ದ್ಯಾವಯ್ಯ. "ಆ ಉಡ್ಗಿ ಮಂಡಿ ವಾಸಿಯಾಗಕ್ಕೆ ಯಾವ್ ಕಾಲಲ್ ಒದ್ದೆ? ಎಡದಾ, ಬಲದಾ?"

ಚಲುವರಾಜು ತೊಳೆದ ಕಾಲನ್ನು ಚಪ್ಪಲಿಗೆ ತೂರಿಸಿದ.

"ಯಾವ್ ಕಾಲಲ್ಲೂ ಒದ್ದಿಲ್ಲ ಕಣಣ್ಣ. ಮೈಸೂರ್ ಬಸ್ ಅತ್ತಿಸ್ದೆ."